ಮೇಯರ್ ಆಗುವವರು ಮೊದಲು ಪುರಭವನದ ವೇದಿಕೆ ಹತ್ತಲಿ

ಗೆ,
ಮೈಸೂರು ನಗರದ ಎಲ್ಲ ರಾಜಕೀಯ ಪಕ್ಷಗಳ ಅಧ್ಯಕ್ಷರಿಗೆ,
ಪಾಲಿಕೆ ಚುನಾವಣೆಗೆ ನಿಲ್ಲಲು ತಯಾರಾಗುತ್ತಿರುವವರಿಗೆ,
ಮತ್ತು ಮೇಯರ್ ಗಾದಿಯ ಆಕಾಂಕ್ಷಿಗಳಿಗೆ

ಮಾನ್ಯರೇ,

ಮೈಸೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ನಗರ ಆಡಳಿತಾಧಿಕಾರಿಯ ಕೈಗೆ ಹೋಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243-ಯು ವಿಧಿ ಹೇಳುತ್ತದೆ. ವಾರ್ಡ್ ವಿಂಗಡಣೆ, ಮೀಸಲಾತಿ, ಸುತ್ತಲಿನ ಸ್ಥಳೀಯ ಸಂಸ್ಥೆಗಳನ್ನು ಸೇರಿಸಿಕೊಳ್ಳುವ ಬೃಹತ್ ಮೈಸೂರು ಎಂದು ಕಾರಣಗಳು ಒಂದರ ಹಿಂದೊಂದು ಬಂದವು. ಆ ವಿಳಂಬದ ಬಗ್ಗೆ ಸರ್ಕಾರವನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ, ಅವನ್ನು ಬೇರೆಯಾಗಿಯೇ ಕೇಳುತ್ತೇವೆ. ಈ ಪತ್ರ ನಿಮಗೆ. ಚುನಾವಣೆ ನಡೆದು ಕೌನ್ಸಿಲ್ ಮತ್ತೆ ಕೂರುವಾಗ ನಮ್ಮ ಮೇಯರ್ ಯಾರಾಗಬೇಕು ಎಂಬುದನ್ನು ನೀವು ಹೇಗೆ ತೀರ್ಮಾನಿಸುತ್ತೀರಿ ಎಂಬುದರ ಬಗ್ಗೆ ನಮಗೆ ಗಂಭೀರ ತಕರಾರಿದೆ, ಒಂದು ಸ್ಪಷ್ಟ ಬೇಡಿಕೆಯೂ ಇದೆ.

ಬೇಡಿಕೆ ಇಷ್ಟೇ: ಮೇಯರ್ ಚುನಾವಣಾ ಸಭೆಗೆ ಕನಿಷ್ಠ ಮೂರು ದಿನ ಮೊದಲು, ಎಲ್ಲ ಪಕ್ಷಗಳ ಮೇಯರ್ ಅಭ್ಯರ್ಥಿಗಳು ರಂಗಾಚಾರ್ಲು ಪುರಭವನದಲ್ಲಿ ಜನರ ಮುಂದೆ ಒಂದೇ ವೇದಿಕೆಯಲ್ಲಿ ಕೂತು ಚರ್ಚೆ ಮಾಡಬೇಕು.

ಕಳೆದ ಕೌನ್ಸಿಲ್‌ನಲ್ಲಿ ನಡೆದದ್ದು ಎಲ್ಲರ ಕಣ್ಣ ಮುಂದೆಯೇ ಇದೆ. 2018ರ ಚುನಾವಣೆಯಲ್ಲಿ 65 ಸ್ಥಾನಗಳ ಪೈಕಿ ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18 ಗೆದ್ದವು. ಉಳಿದದ್ದು ಬಿಎಸ್‌ಪಿಗೆ ಒಂದು, ಪಕ್ಷೇತರರಿಗೆ ಐದು. ಯಾರಿಗೂ ಬಹುಮತವಿಲ್ಲದ ಆ ಸದನದಲ್ಲಿ ಐದು ವರ್ಷಕ್ಕೆ ಐವರು ಮೇಯರ್ ಬಂದರು. ಮೊದಲೆರಡು ಬಾರಿ ಕಾಂಗ್ರೆಸ್–ಜೆಡಿಎಸ್ ಹೊಂದಾಣಿಕೆ. 2021ರ ಫೆಬ್ರವರಿಯಲ್ಲಿ ಯಾರು ಯಾರ ಜೊತೆ ಎಂಬುದು ಸಭಾಂಗಣದಲ್ಲಿ ಕೈ ಎತ್ತುವವರೆಗೂ ಊರಿಗೆ ಗೊತ್ತಾಗಲಿಲ್ಲ. ಹಾಗೆ ಆಯ್ಕೆಯಾದ ಮೇಯರ್ ಅವರ ಸದಸ್ಯತ್ವವೇ ಆಸ್ತಿ ವಿವರದ ಪ್ರಮಾಣಪತ್ರದ ವಿಚಾರಕ್ಕೆ ಅದೇ ವರ್ಷ ಹೈಕೋರ್ಟ್‌ನಲ್ಲಿ ರದ್ದಾಯಿತು. ಆಗಸ್ಟ್ ತನಕ ಪ್ರಭಾರ ಮೇಯರ್. ಆಗಸ್ಟ್‌ನಲ್ಲಿ ಒಂದು ಪಕ್ಷ ತಟಸ್ಥವಾಗಿ ಉಳಿಯಿತು, 26–22ರಲ್ಲಿ ಬಿಜೆಪಿಗೆ ಮೊದಲ ಬಾರಿಗೆ ಗಾದಿ ಸಿಕ್ಕಿತು. 2022ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ–ಜೆಡಿಎಸ್ ಕೈಜೋಡಿಸಿದವು. ಆ ದಿನ ಉಪಮೇಯರ್ ಸ್ಥಾನಕ್ಕೆ ನಿಂತಿದ್ದ ಒಬ್ಬರ ನಾಮಪತ್ರ ಜಾತಿ ಪ್ರಮಾಣಪತ್ರ ಇಲ್ಲವೆಂದು ತಿರಸ್ಕೃತವಾಗಿ, ಹಿಂದಿನ ರಾತ್ರಿಯ ಲೆಕ್ಕಾಚಾರವೇ ಅಡಿಮೇಲಾಯಿತು.

ಮೈತ್ರಿ ಮಾಡಿಕೊಳ್ಳುವುದು ತಪ್ಪು ಎಂದು ನಾವು ಹೇಳುತ್ತಿಲ್ಲ. ಬಹುಮತವಿಲ್ಲದ ಸದನದಲ್ಲಿ ಹೊಂದಾಣಿಕೆ ಆಗಲೇಬೇಕು. ನಮ್ಮ ತಕರಾರು ಬೇರೆ. ಈ ಐದೂ ಆಯ್ಕೆಗಳಲ್ಲಿ, ಅಭ್ಯರ್ಥಿಗಳು ಮೈಸೂರಿನ ನೀರು, ಕಸ, ತೆರಿಗೆ, ಒಳಚರಂಡಿಯ ಬಗ್ಗೆ ಒಬ್ಬರೆದುರು ಒಬ್ಬರು ನಿಂತು ಮಾತಾಡಿದ್ದನ್ನು ನಗರ ಕೇಳಲಿಲ್ಲ. ಪತ್ರಿಕೆಗಳಲ್ಲಿ ಬಂದದ್ದೆಲ್ಲ ಯಾರು ಯಾವ ನಾಯಕರ ಬಣ, ಯಾವ ಸಮುದಾಯ, ಯಾರನ್ನು ಎಲ್ಲಿ ಉಳಿಸಿದ್ದಾರೆ ಎಂಬ ಸುದ್ದಿ ಮಾತ್ರ.

ಇದಕ್ಕೆ ಒಂದು ಕಾರಣ ಪ್ರಕ್ರಿಯೆಯಲ್ಲೇ ಇದೆ. ಮೇಯರ್ ಚುನಾವಣೆಯ ದಿನ ನಾಮಪತ್ರ ಸಲ್ಲಿಕೆ, ಪರಿಶೀಲನೆ, ವಾಪಸಾತಿ, ಕೈ ಎತ್ತುವುದು, ಫಲಿತಾಂಶ ಘೋಷಣೆ ಎಲ್ಲವೂ ಪ್ರಾದೇಶಿಕ ಆಯುಕ್ತರ ಸಮ್ಮುಖದಲ್ಲಿ ಒಂದೇ ದಿನ ಮುಗಿಯುತ್ತದೆ. ಬೆಳಿಗ್ಗೆ ಹೆಸರು ಕೇಳಿದವರು ಮಧ್ಯಾಹ್ನಕ್ಕೆ ಮೇಯರ್. ಸಾಮಾನ್ಯ ಚುನಾವಣೆಯಲ್ಲಿ ನಾಮಪತ್ರಕ್ಕೂ ಮತದಾನಕ್ಕೂ ನಡುವೆ ಪ್ರಚಾರದ ದಿನಗಳಿರುತ್ತವೆ, ಅಭ್ಯರ್ಥಿಯನ್ನು ತೂಗಿ ನೋಡಲು ಅವಕಾಶವಿರುತ್ತದೆ. ಇಲ್ಲಿ ಆ ನಡುವಿನ ಕಾಲವೇ ಇಲ್ಲ. ಆದ್ದರಿಂದ ‘ಅಧಿಕೃತ ಅಭ್ಯರ್ಥಿ’ಗಳ ಚರ್ಚೆ ಮಾಡಿಸುತ್ತೇವೆ ಎಂದರೆ ಅದು ಎಂದೂ ಆಗದ ಮಾತು. ಚರ್ಚೆ ಆಗಬೇಕಾದರೆ ಪಕ್ಷಗಳೇ ಮೊದಲು ಹೆಸರು ಹೇಳಬೇಕು.

ಹೇಳಲು ಆಗದ್ದೇನೂ ಅಲ್ಲ. ಮೇಯರ್, ಉಪಮೇಯರ್ ಸ್ಥಾನಗಳ ಮೀಸಲಾತಿಯನ್ನು ನಗರಾಭಿವೃದ್ಧಿ ಇಲಾಖೆ ಪ್ರಕಟಿಸುತ್ತದೆ. ಅದು ಹೊರಬಿದ್ದ ದಿನವೇ ಪ್ರತಿ ಪಕ್ಷದಲ್ಲೂ ಅರ್ಹರು ಯಾರು ಎಂಬುದು ಬೆರಳೆಣಿಕೆಗೆ ಬರುತ್ತದೆ. ಹಿಂದುಳಿದ ವರ್ಗ ‘ಎ’ ಮಹಿಳೆಗೆ ಎಂದು ಬಂದರೆ, 20 ಸದಸ್ಯರಿರುವ ಪಕ್ಷದಲ್ಲಿ ಇಬ್ಬರೋ ಮೂವರೋ ಇರಬಹುದು. ಅವರ ಹೆಸರು ಹೇಳಲು ಕೊನೆಯ ರಾತ್ರಿ ತನಕ ಕಾಯಬೇಕಾದ ಅಗತ್ಯ ನಗರಕ್ಕಂತೂ ಇಲ್ಲ. ಮೊದಲೇ ಹೆಸರು ಹೇಳಿದರೆ ಜಾತಿ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ, ತೆರಿಗೆ ಬಾಕಿ ಇದೆಯೇ, ಪ್ರಮಾಣಪತ್ರದಲ್ಲಿ ಕೊಟ್ಟ ಆಸ್ತಿ ವಿವರ ಸರಿಯಿದೆಯೇ ಎಂಬುದೆಲ್ಲ ಮೊದಲೇ ಪರಿಶೀಲನೆಗೆ ಬರುತ್ತದೆ. 2021 ಮತ್ತು 2022ರ ಮುಜುಗರಗಳು ಪಕ್ಷಗಳಿಗೇ ತಪ್ಪುತ್ತವೆ.

2025ರಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆ ನಡೆದಾಗ ಮೈಸೂರಿನ ಎಷ್ಟೋ ಮನೆಗಳಲ್ಲಿ ಅಲ್ಲಿನ ಅಭ್ಯರ್ಥಿಗಳ ಚರ್ಚೆಯನ್ನು ಮೊಬೈಲಿನಲ್ಲಿ ನೋಡಿದರು. ಜೋಹ್ರಾನ್ ಮಮ್ದಾನಿ, ಆಂಡ್ರ್ಯೂ ಕ್ಯುಮೊ, ಕರ್ಟಿಸ್ ಸ್ಲಿವಾ ಮೂವರೂ ಅಕ್ಟೋಬರ್‌ನಲ್ಲಿ ಎರಡು ಬಾರಿ ಒಂದೇ ವೇದಿಕೆಯಲ್ಲಿ ನಿಂತು ಮನೆ ಬಾಡಿಗೆ, ಬಸ್ಸು, ಪೊಲೀಸು ಎಂದು ವಾದಿಸಿದರು. ಅದು ಅಭ್ಯರ್ಥಿಗಳ ದೊಡ್ಡತನದಿಂದ ಆದ ಕೆಲಸವಲ್ಲ. ಸಾರ್ವಜನಿಕ ಹಣದಿಂದ ಪ್ರಚಾರದ ನೆರವು ಪಡೆಯುವ ಅಭ್ಯರ್ಥಿ ಚರ್ಚೆಗೆ ಬರಲೇಬೇಕು ಎಂಬ ನಿಯಮ ಆ ನಗರದಲ್ಲಿದೆ, ಅದನ್ನು ನೋಡಿಕೊಳ್ಳಲು ಒಂದು ಮಂಡಳಿಯೂ ಇದೆ. ಅಲ್ಲಿ ಜನ ನೇರವಾಗಿ ಮೇಯರ್‌ಗೆ ಮತ ಹಾಕುತ್ತಾರೆ. ನಮ್ಮ ದೇಶದಲ್ಲೂ ಉತ್ತರ ಪ್ರದೇಶ, ಮಧ್ಯಪ್ರದೇಶದಂಥ ರಾಜ್ಯಗಳಲ್ಲಿ ಮೇಯರ್ ನೇರ ಆಯ್ಕೆ ಇದೆ. ಕರ್ನಾಟಕದಲ್ಲಿ ಇಲ್ಲ.

‘ಜನ ಓಟು ಹಾಕದ ಚುನಾವಣೆಗೆ ಜನರ ಮುಂದೆ ಚರ್ಚೆ ಯಾಕೆ?’ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ. ಪಕ್ಷದವರಿಂದ ನಾವು ಹೆಚ್ಚು ಕೇಳಿದ ಆಕ್ಷೇಪವೂ ಇದೇ. ಇದಕ್ಕೆ ನೇರ ಉತ್ತರವಿದೆ. ಮೇಯರ್ ಚುನಾವಣೆಯಲ್ಲಿ ಮತ ಹಾಕುವ ಕಾರ್ಪೊರೇಟರ್‌ಗಳು, ಶಾಸಕರು, ಪರಿಷತ್ ಸದಸ್ಯರು, ಸಂಸದರು ತಮ್ಮ ಸ್ವಂತ ಹಕ್ಕಿನಿಂದ ಆ ಸಭಾಂಗಣದಲ್ಲಿ ಕೂತವರಲ್ಲ, ನಮ್ಮ ಮತದಿಂದ ಕೂತವರು. ಅಲ್ಲಿ ಗುಪ್ತ ಮತದಾನವೂ ಇಲ್ಲ, ಎಲ್ಲರೂ ಕಾಣುವಂತೆ ಕೈ ಎತ್ತಬೇಕು. ಬಹಿರಂಗವಾಗಿ ಕೈ ಎತ್ತಿಸುವ ಕಾನೂನಿನ ಅರ್ಥವೇ, ಆ ಮತಕ್ಕೆ ಜನ ಲೆಕ್ಕ ಕೇಳಬಹುದು ಎಂದು. ಯಾರಿಗೆ ಕೈ ಎತ್ತಿದಿರಿ ಎಂದು ಕೇಳಬಹುದಾದರೆ, ಆ ಅಭ್ಯರ್ಥಿ ಏನು ಹೇಳಿದ್ದರು ಎಂಬುದೂ ನಮಗೆ ಗೊತ್ತಿರಬೇಕು.

ಇಂಥವರಿಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಅಂದರೆ ವಿಪ್ ಇರುವಾಗ ಚರ್ಚೆಯಿಂದ ಒಂದು ಮತವೂ ಬದಲಾಗುವುದಿಲ್ಲ ಎಂಬುದು ಎರಡನೇ ಆಕ್ಷೇಪ. ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆ 1987ರಿಂದ ಇದೆ, ವಿಪ್ ಉಲ್ಲಂಘಿಸಿದರೆ ಸದಸ್ಯತ್ವಕ್ಕೆ ಕುತ್ತು ಎಂಬುದು ನಿಜ. ಚರ್ಚೆಯ ಉದ್ದೇಶ ವಿಪ್ ಮುರಿಯುವುದಲ್ಲ. ವಿಪ್ ಯಾರ ಪರವಾಗಿ ಹೊರಡಬೇಕು ಎಂದು ಪಕ್ಷ ಯೋಚಿಸುವಾಗ, ಆ ವ್ಯಕ್ತಿ ಎರಡೂವರೆ ಗಂಟೆ ಜನರ ಪ್ರಶ್ನೆ ಎದುರಿಸಬಲ್ಲರೇ ಎಂಬುದೂ ಲೆಕ್ಕಕ್ಕೆ ಬರಲಿ ಎಂಬುದು ಉದ್ದೇಶ. ಗೆದ್ದ ಮೇಲೆ ಅವರ ಮಾತು ದಾಖಲೆಯಲ್ಲಿ ಉಳಿಯುತ್ತದೆ, ಅದೂ ಸಣ್ಣ ಲಾಭವಲ್ಲ.

ಇನ್ನು ಚರ್ಚೆಯಲ್ಲಿ ಏನು ಕೇಳಬೇಕು ಎಂಬ ವಿಚಾರ. ಇಲ್ಲಿಯೇ ಇಂಥ ಪ್ರಯತ್ನಗಳು ಸಾಮಾನ್ಯವಾಗಿ ಕೈಕೊಡುತ್ತವೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರ ಪ್ರಕಾರ ಕಾರ್ಯಾಂಗದ ಅಧಿಕಾರ ಇರುವುದು ಸರ್ಕಾರ ನೇಮಿಸುವ ಆಯುಕ್ತರ ಕೈಯಲ್ಲಿ. ಮೇಯರ್ ಕೌನ್ಸಿಲ್ ಸಭೆಯ ಅಧ್ಯಕ್ಷರು. ಕಾರ್ಯಸೂಚಿಗೆ ಏನು ಬರುತ್ತದೆ, ಯಾವ ವಿಷಯ ಚರ್ಚೆಗೆ ನಿಲ್ಲುತ್ತದೆ, ಯಾವುದು ಮುಂದಿನ ಸಭೆಗೆ ಜಾರುತ್ತದೆ ಎಂಬುದರ ಮೇಲೆ ಅವರಿಗೆ ಹಿಡಿತವಿದೆ. ಬಜೆಟ್ ಮಂಡಿಸುವುದು ತೆರಿಗೆ, ಹಣಕಾಸು ಮತ್ತು ಮೇಲ್ಮನವಿ ಸ್ಥಾಯಿ ಸಮಿತಿಯ ಅಧ್ಯಕ್ಷರು. ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರಗಳಿಗೆ ಬೇರೆ ಸ್ಥಾಯಿ ಸಮಿತಿಗಳಿವೆ. ಇದನ್ನು ತಿಳಿಯದೆ ‘ಮೈಸೂರಿಗೆ ಮೆಟ್ರೊ ತರುತ್ತೀರಾ’, ‘ವಿಮಾನ ನಿಲ್ದಾಣದ ರನ್‌ವೇ ಉದ್ದ ಮಾಡಿಸುತ್ತೀರಾ’ ಎಂದು ಕೇಳಿದರೆ ಅಭ್ಯರ್ಥಿಗೆ ಅದಕ್ಕಿಂತ ಸುಲಭದ ಪ್ರಶ್ನೆ ಇನ್ನೊಂದಿಲ್ಲ. ‘ಖಂಡಿತ ಪ್ರಯತ್ನಿಸುತ್ತೇವೆ’ ಎನ್ನಲು ಯಾವ ತಯಾರಿಯೂ ಬೇಡ. ಪಾಲಿಕೆಯ ಕೈಯಲ್ಲಿರುವ ವಿಷಯವನ್ನೇ ಕೇಳಬೇಕು, ಅಳತೆ ಹಿಡಿದು ಕೇಳಬೇಕು.

ಕಸದ ಪ್ರಶ್ನೆ ತೆಗೆದುಕೊಳ್ಳಿ. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರ ಎಂದು ಮೈಸೂರು ಹೆಸರಾಯಿತು. ಅದರ ಹೆಗ್ಗಳಿಕೆ ಸಲ್ಲಬೇಕಾದದ್ದು ಬೆಳಗಿನ ಜಾವ ಬೀದಿಗಿಳಿಯುವ ಪೌರಕಾರ್ಮಿಕರಿಗೆ. ‘ಸ್ವಚ್ಛತೆಗೆ ಏನು ಮಾಡುತ್ತೀರಿ?’ ಎಂದು ಕೇಳಿದರೆ ಅಭ್ಯರ್ಥಿ ಆ ಪ್ರಶಸ್ತಿಗಳ ಹೆಸರು ಹೇಳಿ ಕೂರುತ್ತಾರೆ. ಹೀಗೆ ಕೇಳಿ: ರಾಜ್ಯದ ಲೆಕ್ಕದಲ್ಲಿ ಪ್ರತಿ 700 ಜನರಿಗೆ ಒಬ್ಬ ಪೌರಕಾರ್ಮಿಕರು ಇರಬೇಕು. 2011ರ ಜನಗಣತಿಯ ಸುಮಾರು 9 ಲಕ್ಷ ಜನಸಂಖ್ಯೆಗೇ ಅದು ಹತ್ತಿರ ಹತ್ತಿರ 1,285 ಆಗುತ್ತದೆ. ಆಮೇಲೆ ನಗರ ಎಷ್ಟು ಬೆಳೆದಿದೆ ಎಂಬುದು ಎಲ್ಲರಿಗೂ ಗೊತ್ತು. ಇವತ್ತು ಹಾಜರಾತಿ ಪುಸ್ತಕದಲ್ಲಿ ಎಷ್ಟು ಜನ, ಬೀದಿಯಲ್ಲಿ ಎಷ್ಟು ಜನ, ಅದರಲ್ಲಿ ಕಾಯಂ ಎಷ್ಟು? ದಸರಾ ಹತ್ತು ದಿನ ಅರಮನೆ ಸುತ್ತಮುತ್ತ, ಸಯ್ಯಾಜಿರಾವ್ ರಸ್ತೆಗೆ ಸಿಬ್ಬಂದಿಯನ್ನು ಎಳೆದುಕೊಂಡಾಗ ಗಾಯತ್ರಿಪುರಂ, ಕ್ಯಾತಮಾರನಹಳ್ಳಿಯ ಬೀದಿ ಗುಡಿಸುವವರು ಯಾರು?

ಇದೇ ಸಾಲಿನಲ್ಲಿ ಇನ್ನೊಂದು. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತೇವೆ. ಗಾಡಿಯ ಎರಡು ಭಾಗ ತುಂಬುವುದು ಒಂದೇ ಸಮನೆ ಅಲ್ಲ. ಒಣ ಕಸದ ಭಾಗ ಬೇಗ ಉಬ್ಬಿ ತುಂಬುತ್ತದೆ, ಆಗ ಉಳಿದದ್ದನ್ನು ಹಸಿಯ ಮೇಲೆ ಹಾಕುತ್ತಾರೆ. ಬೇರ್ಪಡಿಸಿದ ಕಸ ಮತ್ತೆ ಬೆರೆಯುವುದು ಬಹುಪಾಲು ಇಲ್ಲಿಯೇ. ಮನೆಯವರನ್ನು ಬೈದು ಪ್ರಯೋಜನವಿಲ್ಲ, ಗಾಡಿಯ ಸರದಿಯನ್ನು ಬದಲಿಸಬೇಕು. ಹಸಿ ಕಸ ದಿನವೂ, ಒಣ ಕಸ ವಾರದಲ್ಲಿ ಗೊತ್ತಾದ ದಿನ ಎಂದು ಮಾಡಿದರೆ ಎಷ್ಟು ಗಾಡಿ ಬೇಕು, ಯಾವ ವಾರ್ಡಿನಿಂದ ಶುರು? ಕುಂಬಾರಕೊಪ್ಪಲಿನ ಘಟಕದಲ್ಲಿ ಕಸ ವಿಂಗಡಿಸಿ ಮಾರುವ ಕೆಲಸ ವರ್ಷಗಳ ಹಿಂದೆಯೇ ನಡೆದು ತೋರಿಸಿದೆ. ಹಾಗಿದ್ದೂ ವಿದ್ಯಾರಣ್ಯಪುರಂ ಸೂಯೇಜ್ ಫಾರಂ ಸುತ್ತಲಿನವರು ದುರ್ವಾಸನೆಯಲ್ಲಿ ಬದುಕಬೇಕಾಗಿ ಬಂದದ್ದು ಯಾಕೆ? ಇಂಥ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಅಭ್ಯರ್ಥಿ ತಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರ ಜೊತೆ ಒಂದು ಬೆಳಿಗ್ಗೆಯಾದರೂ ಓಡಾಡಿರಬೇಕು. ಓಡಾಡಿದ್ದಾರೋ ಇಲ್ಲವೋ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ನೀರಿನ ಲೆಕ್ಕವೂ ಹಾಗೆಯೇ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡ ಹಿಡಿದರೆ 10 ಲಕ್ಷ ಜನರಿಗೆ 13.5 ಕೋಟಿ ಲೀಟರ್ ಬೇಕು. ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಕಾವೇರಿ ನೀರು, ಬಿದರಗೋಡಿನಿಂದ ಕಬಿನಿ ನೀರು ಬರುತ್ತದೆ. ಹಳೇ ಉಂಡುವಾಡಿ ಯೋಜನೆಯ ಹೆಸರು ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಹೊಸ ಮೂಲ ತರುತ್ತೇವೆ ಎಂದು ಹೇಳುವುದು ಸುಲಭ. ಬರುತ್ತಿರುವ ನೀರು ಎಲ್ಲಿ ಹೋಗುತ್ತಿದೆ ಎಂದು ಕೇಳಿದರೆ ಕಷ್ಟ. ವಿಜಯನಗರ, ಯಾದವಗಿರಿ ಜಲಾಗಾರಗಳಿಗೆ ಬರುವ ನೀರಿಗೂ ಮನೆಗಳಿಗೆ ಬಿಲ್ ಆಗುವ ನೀರಿಗೂ ನಡುವಿನ ಕಂದಕ ಶೇಕಡ ಎಷ್ಟು? ಕೇಂದ್ರ ಸರ್ಕಾರದ ಸೇವಾ ಮಟ್ಟದ ಮಾನದಂಡ ಅದು ಶೇ 20ರೊಳಗೆ ಇರಬೇಕು ಎನ್ನುತ್ತದೆ. ಕೆಟ್ಟ ಮೀಟರ್, ಅನಧಿಕೃತ ಸಂಪರ್ಕ, ಒಡೆದ ಹಳೆಯ ಪೈಪ್ ಈ ಮೂರರಲ್ಲಿ ಯಾವುದರ ಪಾಲು ಎಷ್ಟು ಎಂದು ಅಳೆಯಲು ಪ್ರತಿ ವಲಯದ ಬಾಯಲ್ಲಿ ಒಂದು ದೊಡ್ಡ ಮೀಟರ್ ಇರಲೇಬೇಕು. ಇಲ್ಲದಿದ್ದರೆ ಎಲ್ಲವೂ ಊಹೆ. ನಿಮ್ಮ ಅವಧಿಯಲ್ಲಿ ಎಷ್ಟು ವಲಯಗಳಿಗೆ ಈ ಮೀಟರ್ ಹಾಕಿಸುತ್ತೀರಿ, ಅದರ ಓದನ್ನು ತಿಂಗಳಿಗೊಮ್ಮೆ ಕೌನ್ಸಿಲ್ ಮುಂದೆ ಇಡಿಸುತ್ತೀರಾ?

ಹೊರವಲಯದ ಬಡಾವಣೆಗಳ ಪ್ರಶ್ನೆ ಬೃಹತ್ ಮೈಸೂರು ಆದ ಮೇಲೆ ಇನ್ನೂ ದೊಡ್ಡದಾಗುತ್ತದೆ. ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳನ್ನು ಸೇರಿಸಿಕೊಂಡರೆ ವಾರ್ಡುಗಳ ಲೆಕ್ಕ ಬದಲಾಗುತ್ತದೆ, ತೆರಿಗೆ ದರ ಬದಲಾಗುತ್ತದೆ. ಅಲ್ಲಿನವರಿಗೆ ಮೊದಲ ಬಿಲ್ ಬರುವುದು ಪಾಲಿಕೆಯ ದರದಲ್ಲಿ, ಮೊದಲ ಒಳಚರಂಡಿ ಪೈಪು ಬರುವುದು ಯಾವಾಗ? ಖಾಸಗಿ ಬಡಾವಣೆಗಳನ್ನು ಅಭಿವೃದ್ಧಿ ಪ್ರಾಧಿಕಾರದಿಂದ ವಹಿಸಿಕೊಳ್ಳುವಾಗ ಉಳಿದಿರುವ ರಸ್ತೆ, ಚರಂಡಿ, ಒಳಚರಂಡಿ ಕೆಲಸದ ಅಂದಾಜು ಪಟ್ಟಿ ಮಾಡಿಸಿ ಆ ಹಣವನ್ನೂ ಜೊತೆಗೇ ವಸೂಲು ಮಾಡಬೇಕು. ಬರೀ ಕಾಗದದ ಮೇಲೆ ವಹಿಸಿಕೊಂಡರೆ ಕೊಳಚೆ ನೀರು ನೇರ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ದಳವಾಯಿ ಕೆರೆಗೆ ಆದದ್ದು ಇನ್ನೊಂದು ಕೆರೆಗೆ ಆಗುವುದು ಬೇಡ. ಸುಮಾರು 42 ಕಿ.ಮೀ. ಹೊರವರ್ತುಲ ರಸ್ತೆಯ ದೀಪದ ಬಿಲ್ ಯಾರು ಕಟ್ಟಬೇಕು ಎಂದು ಸಂಸ್ಥೆಗಳು ಜಗ್ಗಾಡಿದ ಕಾಲದಲ್ಲಿ ಕತ್ತಲಲ್ಲಿ ಓಡಾಡಿದ್ದು ಜನ. ಗಡಿ ದೊಡ್ಡದಾದಂತೆ ಇಂಥ ಜಗ್ಗಾಟವೂ ಹೆಚ್ಚುತ್ತದೆ. ಅಭ್ಯರ್ಥಿ ಇದಕ್ಕೆ ಏನು ದಾರಿ ಹುಡುಕಿದ್ದಾರೆ?

ಪಾರಂಪರಿಕ ಕಟ್ಟಡಗಳ ಬಗ್ಗೆ ಒಂದೇ ಪ್ರಶ್ನೆ ಸಾಕು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಗಳು ಹೋದವು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮಳೆಗಾಲದಲ್ಲಿ. ಉಳಿಸಬೇಕೋ ಕೆಡವಿ ಕಟ್ಟಬೇಕೋ ಎಂಬ ವಾದ ನಡೆಯುತ್ತಲೇ ಇರಲಿ, ಅಷ್ಟರಲ್ಲಿ ಪ್ರತಿ ಮೇ ತಿಂಗಳು ತಾರಸಿಯ ನೀರಿಳಿಯುವ ದಾರಿ, ಗಾರೆ, ಮರದ ತೊಲೆಗಳ ತಪಾಸಣೆಗೆ ಹಣ ಇಡುತ್ತೀರಾ ಇಲ್ಲವಾ? ಹೌದು ಅಥವಾ ಇಲ್ಲ.

ಒಂದು ವಿಷಯವನ್ನು ಪ್ರತಿ ಅಭ್ಯರ್ಥಿಯೂ ವೇದಿಕೆ ಮೇಲೆ ಕಡ್ಡಾಯವಾಗಿ ಹೇಳಬೇಕು: ತಿಂಗಳವಾರು ವೇಳಾಪಟ್ಟಿ. ಕಳೆದ ಕೌನ್ಸಿಲ್‌ನಲ್ಲಿ ಮೇಯರ್ ಅವಧಿ ಒಂದೊಂದು ವರ್ಷ. ಬೆಂಗಳೂರಿನ ಹೊಸ ಪಾಲಿಕೆಗಳಿಗೆ 30 ತಿಂಗಳು ಇಟ್ಟಿದ್ದಾರೆ. ಅವಧಿ ಎಷ್ಟೇ ಇರಲಿ, ನವೆಂಬರ್‌ನಲ್ಲಿ ಗೆದ್ದವರಿಗೆ ಬಜೆಟ್‌ಗೆ ಮೂರು ನಾಲ್ಕು ತಿಂಗಳು ಸಿಗುತ್ತದೆ, ಬಜೆಟ್ ಆದ ಮೇಲೆ ಗೆದ್ದವರಿಗೆ ಬೇರೆಯವರು ಮಾಡಿಟ್ಟ ಬಜೆಟ್. ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಅನುಮೋದನೆ, ಟೆಂಡರ್, ಕಾರ್ಯಾದೇಶ ಇಷ್ಟು ಹಂತ ದಾಟುವಷ್ಟರಲ್ಲಿ ಮುಂಗಾರು ಬಂದಿರುತ್ತದೆ, ಮಳೆ ಮುಗಿಯುವಾಗ ದಸರಾ. ಡಾಂಬರು ಹಾಕಲು ಕೈಗೆ ಸಿಗುವುದು ದಸರಾ ಕಳೆದ ಮೇಲಿನಿಂದ ಮೇವರೆಗಿನ ಒಣ ತಿಂಗಳುಗಳು ಮಾತ್ರ. ಪುರಭವನದ ಆವರಣದಲ್ಲೇ 2011ರಲ್ಲಿ ಶುರುವಾದ ವಾಹನ ನಿಲುಗಡೆ ಕಾಮಗಾರಿ ಹತ್ತು ವರ್ಷ ದಾಟಿದರೂ ಮುಗಿಯಲಿಲ್ಲ, ಅಷ್ಟರಲ್ಲಿ ಎಷ್ಟು ಮೇಯರ್‌ಗಳು ಬಂದು ಹೋದರು! ಆದ್ದರಿಂದ ‘ಮಾಡುತ್ತೇವೆ’ ಎಂಬ ಮಾತು ಬೇಡ. ಯಾವ ತಿಂಗಳು ಯಾವ ಹಂತ ಎಂದು ಹೇಳಲಿ.

ಈಗ ನಡೆಸುವ ಬಗೆ. ನಾಲ್ವರು ಅಭ್ಯರ್ಥಿಗಳು ಎಂದಿಟ್ಟುಕೊಳ್ಳಿ. ಆರಂಭದ ಮಾತಿಗೆ ತಲಾ ಮೂರು ನಿಮಿಷ. ಮೊದಲೇ ಗೊತ್ತುಮಾಡಿದ ಎಂಟು ಪ್ರಶ್ನೆ, ಪ್ರತಿಯೊಂದಕ್ಕೂ ತಲಾ ಎರಡು ನಿಮಿಷ ಉತ್ತರ, ಒಂದು ನಿಮಿಷ ಮರುಮಾತು. ಆಮೇಲೆ ಸಭಿಕರಿಂದ ಐದು ಪ್ರಶ್ನೆ, ಕೇಳಲು ಒಂದು ನಿಮಿಷ, ಉತ್ತರಕ್ಕೆ ತಲಾ ಒಂದು ನಿಮಿಷ. ಕೊನೆಯಲ್ಲಿ ಪ್ರತಿ ಅಭ್ಯರ್ಥಿ ಇನ್ನೊಬ್ಬರಿಗೆ ಒಂದು ಪ್ರಶ್ನೆ ಕೇಳಬಹುದು, ಪ್ರಶ್ನೆ–ಉತ್ತರ ಸೇರಿ ಎರಡೂವರೆ ನಿಮಿಷ. ಒಟ್ಟು 143 ನಿಮಿಷ. ಗಂಟೆ ಹೊಡೆದ ಹತ್ತು ಸೆಕೆಂಡಿಗೆ ಮೈಕ್ ಬಂದ್ ಆಗಬೇಕು. ಯಾರ ಮೈಕನ್ನೂ ಒಂದು ಸೆಕೆಂಡ್ ಹೆಚ್ಚು ಬಿಡಬಾರದು. ಒಬ್ಬರಿಗೆ ಬಿಟ್ಟರೆ ಆಮೇಲೆ ನಿರ್ವಾಹಕರ ಮಾತಿಗೆ ಬೆಲೆ ಇರುವುದಿಲ್ಲ.

ಪ್ರಶ್ನೆಗಳಿಗೆ ಒಂಬತ್ತು ವಲಯ ಕಚೇರಿಗಳಲ್ಲೂ ಒಂದು ವಾರ ಪೆಟ್ಟಿಗೆ ಇಡಬಹುದು. ಪ್ರತಿ ವಲಯದಿಂದ ಹೆಚ್ಚು ಬಂದ ವಿಷಯ ಯಾವುದೋ ಅದು ಗೊತ್ತುಮಾಡಿದ ಪ್ರಶ್ನೆಗಳಲ್ಲಿ ಬರಲಿ. ಉದಯಗಿರಿ, ರಾಜೀವ್‌ನಗರದ ಕಡೆಯವರು ಉರ್ದುವಿನಲ್ಲಿ ಬರೆದ ಚೀಟಿಗೂ ಅದೇ ಬೆಲೆ ಇರಲಿ, ವೇದಿಕೆಯಲ್ಲಿ ಅದನ್ನು ಕನ್ನಡದಲ್ಲಿ ಓದಲಿ. ಕಿವಿ ಕೇಳದವರಿಗೆ ಸಂಜ್ಞಾ ಭಾಷೆಯವರೊಬ್ಬರು ಬೇಕು. ನಿರ್ವಾಹಕರು ಇಬ್ಬರು. ಇಬ್ಬರೂ ಯಾವ ಪಕ್ಷದ ಸದಸ್ಯರೂ ಆಗಿರಬಾರದು, ಪಾಲಿಕೆಯ ಗುತ್ತಿಗೆಯೋ ಬಾಡಿಗೆ ಮಳಿಗೆಯೋ ಇರುವವರೂ ಆಗಿರಬಾರದು. ಹೆಸರು ಪ್ರಕಟವಾದ ಕೂಡಲೇ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಕಡತ ಸಿಗಬೇಕು: ಹಿಂದಿನ ಎರಡು ವರ್ಷದ ಬಜೆಟ್, ಆಸ್ತಿ ತೆರಿಗೆ ಮತ್ತು ನೀರಿನ ಕರದ ಡಿಸಿಬಿ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ತಃಖ್ತೆ, ನಿಂತುಹೋದ ಕಾಮಗಾರಿಗಳ ಪಟ್ಟಿ, ಗುತ್ತಿಗೆದಾರರಿಗೆ ಕೊಡಬೇಕಾದ ಬಾಕಿ. ‘ಮಾಹಿತಿ ಇರಲಿಲ್ಲ’ ಎಂಬ ನೆಪಕ್ಕೆ ಆಗ ಜಾಗವಿರುವುದಿಲ್ಲ.

ಕೆಡುವುದು ಎಲ್ಲಿ ಎಂದೂ ಹೇಳಿಬಿಡುತ್ತೇವೆ. ಮೊದಲನೆಯದು ಸಭಾಂಗಣ ತುಂಬಿಸುವುದು. ಬೆಂಬಲಿಗರನ್ನು ಆಟೋಗಳಲ್ಲಿ ತಂದು ಕೂರಿಸಿ ಜೈಕಾರ ಹಾಕಿಸಿದರೆ ಚರ್ಚೆ ಅಲ್ಲಿಗೇ ಮುಗಿಯಿತು. ಅಭ್ಯರ್ಥಿಗೆ ತಲಾ 20 ಪಾಸ್ ಸಾಕು. ಉಳಿದದ್ದು ವಾರ್ಡಿಗೆ ಇಬ್ಬರಂತೆ ಚೀಟಿ ಎತ್ತಿ ಹಂಚಬೇಕು, ಹಿಂದಿನ ಲೆಕ್ಕದ 65 ವಾರ್ಡಿಗೆ 130 ಜನ ಆಗುತ್ತಾರೆ. ಮೊದಲ ಸಾಲುಗಳು ಕಾರ್ಪೊರೇಟರ್‌ಗಳಿಗೆ. ಕೈ ಎತ್ತಬೇಕಾದವರೇ ಆ ಹೊತ್ತಿಗೆ ಯಾವುದೋ ರೆಸಾರ್ಟಿನಲ್ಲಿದ್ದರೆ ಅದನ್ನೂ ಆ ಖಾಲಿ ಕುರ್ಚಿಗಳೇ ನಗರಕ್ಕೆ ತೋರಿಸಲಿ.

ಎರಡನೆಯದು, ಮತ್ತು ನಮಗೆ ಬಹಳ ಮುಖ್ಯವಾದದ್ದು, ಅಭ್ಯರ್ಥಿಯ ಪರವಾಗಿ ಬೇರೆಯವರು ಮಾತಾಡುವುದು. ಕಳೆದ ಐವರು ಮೇಯರ್‌ಗಳಲ್ಲಿ ನಾಲ್ವರು ಮಹಿಳೆಯರು. ಮೀಸಲಾತಿಯಿಂದ ಬಂದ ಈ ಬದಲಾವಣೆ ದೊಡ್ಡದು. ಆದರೆ ಮಹಿಳಾ ಸದಸ್ಯರಿರುವ ಕಡೆ ಗಂಡ, ಮಗ, ಅಣ್ಣ ಕಚೇರಿಗೆ ಬಂದು ಅಧಿಕಾರಿಗಳ ಜೊತೆ ಮಾತಾಡುವ ಪದ್ಧತಿ ರಾಜ್ಯದ ಸ್ಥಳೀಯ ಸಂಸ್ಥೆಗಳಲ್ಲಿ ಇನ್ನೂ ಇದೆ. ವೇದಿಕೆಯಲ್ಲಿ ಅಭ್ಯರ್ಥಿ ಮಾತ್ರ ಕೂರಬೇಕು, ಹಿಂದೆ ನಿಂತು ಚೀಟಿ ಕೊಡುವವರು ಇರಬಾರದು. ಮೊದಲ ಬಾರಿ ಗೆದ್ದ ಹೆಣ್ಣುಮಗಳು ತಡವರಿಸಿದರೆ ತಡವರಿಸಲಿ. ಕಡತ ಓದಿಕೊಂಡು ಬಂದವರು ಮಾತಿನ ಚಾತುರ್ಯವಿಲ್ಲದಿದ್ದರೂ ಗೊತ್ತಾಗುತ್ತಾರೆ, ಜನಕ್ಕೆ ಅಷ್ಟು ವಿವೇಚನೆ ಇದೆ.

ಮೂರನೆಯದು ಗೈರುಹಾಜರಿ. ಬಹುಮತ ಖಚಿತವಿರುವ ಪಕ್ಷದ ಅಭ್ಯರ್ಥಿಗೆ ಬರುವ ಅಗತ್ಯ ಕಾಣುವುದಿಲ್ಲ. ಬರದಿದ್ದವರ ಹೆಸರಿನ ಫಲಕ ಮೇಜಿನ ಮೇಲೆ ಇರಲಿ, ಅವರ ಸಮಯವನ್ನು ಬೇರೆಯವರಿಗೆ ಹಂಚಬಾರದು, ಅವರಿಗೆ ಕೇಳಬೇಕಾದ ಪ್ರಶ್ನೆಯನ್ನು ಓದಿ ಮುಂದೆ ಹೋಗಬೇಕು. ಇಡೀ ಚರ್ಚೆಯ ವಿಡಿಯೊ ಕತ್ತರಿ ಹಾಕದೆ ಸಾರ್ವಜನಿಕರಿಗೆ ಸಿಗಬೇಕು, ಪಾಲಿಕೆಯ ಗ್ರಂಥಾಲಯದಲ್ಲೂ ಲಿಖಿತ ರೂಪದ ಒಂದು ಪ್ರತಿ ಇರಬೇಕು.

1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿದಾಗ 144 ಜನ ಬಂದಿದ್ದರು. ಆಮೇಲೆ ವರ್ಷ ವರ್ಷವೂ ದಸರಾ ಹೊತ್ತಿಗೆ ಊರೂರಿನ ಪ್ರತಿನಿಧಿಗಳು ಬಂದು ದಿವಾನರ ಎದುರೇ ಅಹವಾಲು ಹೇಳಿಕೊಳ್ಳುತ್ತಿದ್ದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಮೊದಲಲ್ಲಿ ಮತದಾನದಿಂದ ಬಂದವರೂ ಅಲ್ಲ. ಆದರೂ ರಾಜ್ಯದ ಆಡಳಿತ ನಡೆಸುವವರು ವರ್ಷಕ್ಕೊಮ್ಮೆ ಜನರ ಮುಂದೆ ಕೂತು ಕೇಳಿಸಿಕೊಳ್ಳಬೇಕು ಎಂಬ ರೂಢಿ ಈ ಊರಿನಲ್ಲಿ ಬಿತ್ತು. ಅವರ ನೆನಪಿಗೆ 1884ರಲ್ಲಿ ಎದ್ದ ಪುರಭವನವನ್ನೇ ನಾವು ಕೇಳುತ್ತಿರುವುದು ಈ ಕಾರಣಕ್ಕೆ.

ಪಕ್ಷಗಳ ಅಧ್ಯಕ್ಷರಲ್ಲಿ ನಮ್ಮ ಕೋರಿಕೆ: ಕಾರ್ಪೊರೇಟರ್ ಚುನಾವಣೆಯ ಪ್ರಣಾಳಿಕೆಯಲ್ಲೇ ಈ ಚರ್ಚೆಗೆ ಒಪ್ಪಿಗೆ ಇದೆ ಎಂದು ಒಂದು ಸಾಲು ಸೇರಿಸಿ. ಮೀಸಲಾತಿ ಪ್ರಕಟವಾಗಿ ಚುನಾವಣಾ ಸಭೆಯ ನೋಟಿಸ್ ಹೊರಟ ಮೇಲೆ, ಸಭೆಗೆ ಐದು ದಿನ ಇರುವಾಗ ನಿಮ್ಮ ಅಭ್ಯರ್ಥಿಯ ಹೆಸರು ಹೇಳಿ. ಮೈತ್ರಿ ಇನ್ನೂ ಕುದುರಿಲ್ಲವಾದರೆ ಆಕಾಂಕ್ಷಿಗಳಲ್ಲಿ ಇಬ್ಬರನ್ನಾದರೂ ಕಳಿಸಿ.

ಕಾರ್ಪೊರೇಟರ್ ಸ್ಥಾನಕ್ಕೆ ನಿಲ್ಲುವವರಲ್ಲಿ: ಮನೆಮನೆಗೆ ಮತ ಕೇಳಲು ಬಂದಾಗ ‘ಮೇಯರ್ ಅಭ್ಯರ್ಥಿ ಚರ್ಚೆಗೆ ಬರದಿದ್ದರೆ ಪಕ್ಷದ ಸಭೆಯಲ್ಲಿ ಕೇಳುತ್ತೀರಾ?’ ಎಂದು ನಾವು ನಿಮ್ಮನ್ನು ಕೇಳಲಿದ್ದೇವೆ. ಉತ್ತರ ತಯಾರಿರಲಿ.

ಪಾಲಿಕೆಯ ಆಯುಕ್ತರಲ್ಲಿ ಮತ್ತು ಆಡಳಿತಾಧಿಕಾರಿಗಳಲ್ಲಿ ವಿನಂತಿ: ಪುರಭವನವನ್ನು ಆ ದಿನ ಎಲ್ಲ ಪಕ್ಷಗಳಿಗೂ ಸಮಾನವಾಗಿ ಬಾಡಿಗೆ ಇಲ್ಲದೆ ಬಿಟ್ಟುಕೊಡಿ. ಮೇಲೆ ಹೇಳಿದ ಕಡತವನ್ನು ಈಗಿನಿಂದಲೇ ಸಿದ್ಧ ಮಾಡಿಸಿ ಸಾರ್ವಜನಿಕರಿಗೂ ಕೊಡಿ. ಚುನಾಯಿತ ಸದಸ್ಯರಿಲ್ಲದ ಅವಧಿಯ ಲೆಕ್ಕವಂತೂ ಅದರಲ್ಲಿ ಪೂರ್ತಿ ಇರಲೇಬೇಕು.

ಮೂರೂ ಪ್ರಮುಖ ಪಕ್ಷಗಳ ನಗರ ಕಚೇರಿಗೆ ಈ ಪತ್ರದ ಪ್ರತಿ ತಲುಪಿಸುತ್ತೇವೆ. ಪಕ್ಷದ ಲೆಟರ್‌ಹೆಡ್‌ನಲ್ಲಿ, ಸಹಿ ಮೊಹರಿನೊಂದಿಗೆ, ಒಪ್ಪಿಗೆಯೋ ನಿರಾಕರಣೆಯೋ ಬರೆದು ಕೊಡಿ. ಬಂದ ಉತ್ತರವನ್ನು, ಬರದಿದ್ದರೆ ಬರಲಿಲ್ಲ ಎಂಬುದನ್ನು, ನಾಮಪತ್ರ ಸಲ್ಲಿಕೆ ಶುರುವಾಗುವ ಮೊದಲು ವಾರ್ಡ್ ವಾರ್ಡಿಗೂ ತಿಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಮೈಸೂರಿನ ತೆರಿಗೆದಾರರು, ಮತದಾರರು
ಮೈಸೂರು